ತಿರುಗಿ ಓದಿ ಹೇಳಿದ ಭಾಗಾಕಾರ

2020ರ ಏಪ್ರಿಲ್ ಏಳು, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಹತ್ತೊಂಬತ್ತು ನಿಮಿಷ. ವಿತೊಮಿರ್ ಅಡುಗೆಮನೆಯ ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಗೋಡೆಯ ಫೋನಿನ ಸುರುಳಿ ತಂತಿಯ ಸಿಕ್ಕು ಬಿಡಿಸುತ್ತಿದ್ದರು. ತಂತಿ ಮೇಜಿನವರೆಗೆ ಬರಬೇಕಾದರೆ ದಿನವೂ ಈ ಕೆಲಸ ಆಗಬೇಕು. ಮೇಜಿನ ಮೇಲೆ ಸಕ್ಕರೆಯಿಲ್ಲದ ಕಾಫಿ, ಕನ್ನಡಕ, ತುದಿ ಚೂಪು ಮಾಡಿದ ಎರಡು ಪೆನ್ಸಿಲ್, ಚೌಕಳಿ ಗೆರೆಯ ನೋಟ್‌ಬುಕ್ ಇದ್ದವು. ಟಿ.ವಿ. ಹಾಕಿ ದನಿ ಅಡಗಿಸಿದ್ದರು. ಎಂಟೂವರೆಗೆ ಎರಡನೆಯ ತರಗತಿಯ ಗಣಿತ ಪಾಠ ಬರುವುದಿತ್ತು.

ಕಿಟಕಿಯ ಆಚೆ ಅಂಗಳ. ಅಂಗಳದ ಆಚೆ ಇಂಥದ್ದೇ ಇನ್ನೊಂದು ರೈಲ್ವೆ ಕಟ್ಟಡ. ಅದರ ಎರಡನೆಯ ಮಹಡಿಯಲ್ಲಿ, ಸರಿಯಾಗಿ ಎದುರಿಗೆ, ಮಗಳು ಸ್ನೆಜಾನಾಳ ಅಡುಗೆಮನೆಯ ಕಿಟಕಿ. ಎರಡು ಕಿಟಕಿಗಳ ನಡುವೆ ಮೂವತ್ತೊಂದು ಮೀಟರ್. ಹಿಂದೆ ಯಾವಾಗಲೋ ಬಟ್ಟೆ ಒಣಗಿಸುವ ಹಗ್ಗ ಕೊಳ್ಳುವ ಮೊದಲು ವಿತೊಮಿರ್ ಅದನ್ನು ಅಳೆದಿದ್ದರು.

ಮಗಳ ಮನೆಗೆ ಫೋನ್ ಹಚ್ಚಿದರು. ಅದು ಎರಡು ಸಲ ಹೊಡೆದುಕೊಳ್ಳುವಷ್ಟರಲ್ಲಿ ಮೊಮ್ಮಗಳು ಎತ್ತಿದಳು.

"ಹಲೋ, ಎರಡನೇ ಕಟ್ಟಡ."

"ಹೇಳು ಮಗನೇ, ಇದು ಒಂದನೇ ಕಟ್ಟಡ. ಗಂಟೆ ಎಷ್ಟು?"

"ಎಂಟು ಇಪ್ಪತ್ತೆರಡು."

"ನನ್ನ ಗಡಿಯಾರದಲ್ಲೂ ಅಷ್ಟೇ. ಹಲ್ಲುಜ್ಜಿದ್ಯಾ?"

"ಉಜ್ಜಿದೆ."

"ಕಿಟಕಿಗೆ ಬಂದು ತೋರ್ಸು."

ಎದುರು ಕಿಟಕಿಯಲ್ಲಿ ಎಂಟು ವರ್ಷದ ಕಾಲಿನಾ ಬಂದು ನಿಂತು ಹಲ್ಲು ಕಿರಿದಳು. ಅಷ್ಟು ದೂರಕ್ಕೆ ಅಂಥದ್ದೇನೂ ಕಾಣುವುದಿಲ್ಲ. "ಫಳಫಳ ಅಂತಿದೆ," ಎಂದರು ತಾತ. ಹೆಣ್ಣುಮಗುವನ್ನೂ ಮಗನೇ ಎಂದೇ ಕರೆಯುವವರು ಆ ಊರಿನ ಎಲ್ಲ ಮನೆಗಳಲ್ಲೂ ಇದ್ದಾರೆ, ಕಾಲಿನಾಳಿಗೆ ಅದರಲ್ಲಿ ಯಾವ ತಕರಾರೂ ಇರಲಿಲ್ಲ.

ಶಾಲೆ ಮುಚ್ಚಿ ಮೂರು ವಾರ ಆಗಿತ್ತು. ಅರವತ್ತೈದು ದಾಟಿದವರು ಮನೆಯ ಹೊಸ್ತಿಲು ದಾಟಬಾರದೆಂದು ಸರ್ಕಾರದ ಆಜ್ಞೆ, ವಿತೊಮಿರ್‌ಗೆ ಎಪ್ಪತ್ತೊಂದು. ಸ್ನೆಜಾನಾ ಹತ್ತಿರದ ನಗರದ ಆಸ್ಪತ್ರೆಯಲ್ಲಿ ನರ್ಸ್, ಬೆಳಿಗ್ಗೆ ಆರರ ಬಸ್ಸಿಗೆ ಹೋದರೆ ಬರುವುದು ಸಂಜೆ ನಾಲ್ಕಕ್ಕೆ. ಜ್ವರದ ವಾರ್ಡಿಗೆ ಹಾಕಿದ ದಿನವೇ ಅವಳು ಅಪ್ಪನಿಗೆ ಹೇಳಿಬಿಟ್ಟಿದ್ದಳು: "ನೀನು ನಮ್ಮ ಬಾಗಿಲು ಮುಟ್ಟಬೇಡ, ನಾವು ನಿನ್ನ ಬಾಗಿಲು ಮುಟ್ಟಲ್ಲ. ಕಾಲಿನಾನೂ ಅಷ್ಟೇ." ಬ್ರೆಡ್ಡು, ಹಾಲು, ಬಿ.ಪಿ. ಮಾತ್ರೆಗಳ ಚೀಲವನ್ನು ಬಾಗಿಲ ಹಿಡಿಗೆ ತೂಗುಹಾಕಿ, ಗಂಟೆ ಒತ್ತಿ, ಅವರು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲಿಳಿದು ಹೋಗುತ್ತಿದ್ದಳು. ಹುಡುಗಿಯ ಅಪ್ಪ ದೂರದೂರಿಗೆ ಲಾರಿ ಓಡಿಸುವವನು, ಆ ತಿಂಗಳು ಗಡಿಯ ಆಚೆಯೇ ಸಿಕ್ಕಿಹಾಕಿಕೊಂಡಿದ್ದ. ಮಧ್ಯಾಹ್ನದ ಊಟವನ್ನು ಬಾಗಿಲಲ್ಲಿಟ್ಟು ಹೋಗಲು ಮಗಳ ಕೆಳಮನೆಯ ಲೆಪೊಸಾವಾ ಇದ್ದಳು. ತುರ್ತಿಗೆಂದು ಅವಳ ಹತ್ತಿರ ಒಂದು ಬೀಗದ ಕೈಯೂ ಇತ್ತು. ಪಾಠಕ್ಕೆ ಮಾತ್ರ ಯಾರೂ ಇರಲಿಲ್ಲ. ಹಾಗಾಗಿ ಫೋನು.

ಟಿ.ವಿ. ಪಾಠ ಅರ್ಧ ಗಂಟೆ. ಅದು ಮುಗಿಯುತ್ತಲೇ ಒಲ್ಗಿತ್ಸಾ ಟೀಚರ್ ಮನೆಗೆಲಸವನ್ನು ಮೊಬೈಲಿನ ಗುಂಪಿಗೆ ಕಳಿಸುತ್ತಿದ್ದರು. ಮಕ್ಕಳು ಲೆಕ್ಕ ಮಾಡಿ, ಪುಟದ ಫೋಟೊ ತೆಗೆದು ವಾಪಸ್ ಕಳಿಸಬೇಕು. ಮೊಬೈಲು ವಿತೊಮಿರ್ ಅವರದೇ. ಶಾಲೆ ಮುಚ್ಚಿದ ವಾರವೇ ಮೊಮ್ಮಗಳಿಗೆ ಕೊಟ್ಟು, ತಾವು ಗೋಡೆಯ ಫೋನಿನಲ್ಲೇ ಉಳಿದಿದ್ದರು.

"ಓದು," ಎಂದರು.

"ಮೂವತ್ತಾರು ಸೇಬು ಇವೆ. ನಾಲ್ಕು ಬುಟ್ಟಿಗೆ ಸಮನಾಗಿ ಹಾಕಬೇಕು. ಒಂದು ಬುಟ್ಟಿಗೆ ಎಷ್ಟು?"

"ಕೇಳಿಸ್ಕೋ. ಮೂವತ್ತಾರನ್ನ ನಾಲ್ಕರಿಂದ ಭಾಗಿಸ್ತೀವಿ. ನಾಲ್ಕೊಂಬತ್ಲೆ ಮೂವತ್ತಾರು. ಅದಕ್ಕೆ ಉತ್ತರ ಒಂಬತ್ತು. ವಾಪಸ್ ಹೇಳು."

"ಮೂವತ್ತಾರನ್ನ ನಾಲ್ಕರಿಂದ ಭಾಗಿಸ್ತೀವಿ. ನಾಲ್ಕೊಂಬತ್ಲೆ ಮೂವತ್ತಾರು. ಅದಕ್ಕೆ ಉತ್ತರ ಒಂಬತ್ತು."

"ಸರಿ. ಬರ್ಕೋ."

ಒಂಬತ್ತು ಗಂಟೆ ನಲವತ್ತಕ್ಕೆ ಹತ್ತೂ ಲೆಕ್ಕ ಮುಗಿದವು. ವಿತೊಮಿರ್ ತಮ್ಮ ನೋಟ್‌ಬುಕ್ಕಿನಲ್ಲಿ ತಾರೀಖು, ಶುರುವಾದ ಹೊತ್ತು, ಮುಗಿದ ಹೊತ್ತು, ಲೆಕ್ಕಗಳ ಸಂಖ್ಯೆ ಬರೆದು, ಕೆಳಗೆ ಗೆರೆ ಎಳೆದರು.

ಅವರು ತಮ್ಮೂರು ಲಾಪೊವೊದಲ್ಲಿಯೂ ಅದರ ಆಚೀಚೆಯ ಸಣ್ಣ ನಿಲ್ದಾಣಗಳಲ್ಲಿಯೂ ಮೂವತ್ತೆಂಟು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದವರು. ಪಕ್ಕದ ನಿಲ್ದಾಣದಿಂದ ಫೋನಿನಲ್ಲಿ ಆಜ್ಞೆ ಬಂದರೆ, ಕೇಳಿಸಿಕೊಂಡವನು ಅದನ್ನು ಮಾತಿಗೆ ಮಾತು ತಿರುಗಿ ಹೇಳಬೇಕು. ಹೇಳಿದವನು "ಸರಿ" ಎನ್ನಬೇಕು. ಇಬ್ಬರೂ ಹೊತ್ತು ಬರೆದುಕೊಳ್ಳಬೇಕು. ಅದಾದಮೇಲೇ ಲೈನ್ ಕ್ಲಿಯರ್. ಅಲ್ಲಿಯವರೆಗೆ ಮಂತ್ರಿಯ ಗಾಡಿಯಾದರೂ ನಿಂತಿರಬೇಕು. ಈ ಒಂದು ಪದ್ಧತಿಯ ಮೇಲೆ ಅವರಿಗಿದ್ದಷ್ಟು ನಂಬಿಕೆ ಇನ್ನಾವುದರ ಮೇಲೂ ಇರಲಿಲ್ಲ. ಅಷ್ಟು ವರ್ಷಗಳಲ್ಲಿ ಅವರ ಪಾಳಿಯಲ್ಲಿ ಒಂದು ವ್ಯಾಗನ್ನೂ ತಪ್ಪು ಹಳಿ ಹತ್ತಿರಲಿಲ್ಲ.

ಪದ್ಧತಿ ಮನೆಗೂ ಬಂದಿತ್ತು. ಮದುವೆಯ ದಿನ ರಿಜಿಸ್ಟ್ರಾರ್ ಕೇಳಿದ ಪ್ರಶ್ನೆಯನ್ನು ಮೊದಲು ಪೂರ್ತಿ ತಿರುಗಿ ಹೇಳಿ, ಆಮೇಲೆ "ಹೌದು" ಎಂದರಂತೆ; ಬಂದವರೆಲ್ಲ ನಕ್ಕರೂ ಅವರಿಗೆ ಏಕೆಂದು ತಿಳಿಯಲಿಲ್ಲವಂತೆ. ಸಂತೆಗೆ ಹೊರಟರೆ ಹೆಂಡತಿ ಪೆರ್ಸಿದಾಳಿಂದ ಪಟ್ಟಿ ಕೇಳಿ, ತಿರುಗಿ ಒಪ್ಪಿಸುತ್ತಿದ್ದರು. ಅವಳು ಅವರಿಂದ ಏನಾದರೂ ಕೇಳಿಸಿಕೊಂಡು ಸುಮ್ಮನಿದ್ದರೆ, "ವಾಪಸ್ ಹೇಳು" ಎನ್ನುತ್ತಿದ್ದರು. "ನಾನೇನು ಗೂಡ್ಸ್ ಗಾಡಿನಾ?" ಎಂದು ಅವಳು ಸೌಟು ತೋರಿಸುತ್ತಿದ್ದಳು. ಅವಳು ಹೋಗಿ ಆರು ವರ್ಷ. ಆ ಮೇಲೆ ಮನೆಯಲ್ಲಿ ಯಾರೂ ಯಾರಿಗೂ ಏನನ್ನೂ ತಿರುಗಿ ಹೇಳಬೇಕಾಗಿ ಬಂದಿರಲಿಲ್ಲ, ಈ ವಸಂತದವರೆಗೆ.

ಈಗ ಅಂಗಳದ ಆಚೆಯಿಂದ ಲೆಪೊಸಾವಾ ದಿನವೂ ಬಾಲ್ಕನಿಗೆ ಬಂದು ಕೇಳುವಳು: "ಏನ್ ಮಾಸ್ಟರೇ, ಬೆಲ್‌ಗ್ರೇಡ್ ಗಾಡಿ ಬಿಟ್ರಾ?"

"ಬಿಟ್ಟಾಯ್ತು. ಸಮಯಕ್ಕೆ ಸರಿಯಾಗಿ."

"ನಮ್ಮ ಕಾಲದಲ್ಲಿ ಒಂದು ದಿನಾನೂ ಸಮಯಕ್ಕೆ ಬರ್ಲಿಲ್ಲವಲ್ಲಾ!"

"ಅದು ನೀಶ್ ನಿಲ್ದಾಣದವರ ತಪ್ಪು," ಎಂದು ಅವರು ಕಿಟಕಿ ಮುಚ್ಚುವರು. ಇಬ್ಬರಿಗೂ ದಿನಕ್ಕೆ ಅದೊಂದು ಮಾತು ಬೇಕಾಗಿತ್ತು.

ಮಾರ್ಚ್‌ನ ಮೊದಲಲ್ಲಿ, ಶಾಲೆ ಇನ್ನೂ ನಡೆಯುತ್ತಿದ್ದಾಗ, ಗಣಿತದಲ್ಲಿ ಕಾಲಿನಾಳ ಅಂಕ ಮೂರು. ಮಗ್ಗಿಯ ಹತ್ತಿರ ಬಂದು ನಿಂತುಬಿಟ್ಟಿದ್ದಳು. ತಾತನ ಫೋನು ಶುರುವಾದ ಮೇಲೆ ಬಂದದ್ದೆಲ್ಲ ಐದು. ಹನ್ನೊಂದು ಮನೆಗೆಲಸ, ಹನ್ನೊಂದು ಐದು. ಅದಕ್ಕಿಂತ ಮೇಲಿನ ಅಂಕವೇ ಅಲ್ಲಿನ ಶಾಲೆಗಳಲ್ಲಿ ಇಲ್ಲ. ಸ್ನೆಜಾನಾ ಒಂದು ಬಿಳಿ ಹಾಳೆಯಲ್ಲಿ ಕೆಂಪು ಪೆನ್ನಿನಿಂದ ಅವನ್ನು ಸಾಲಾಗಿ ಬರೆದು ಫ್ರಿಜ್‌ಗೆ ಅಂಟಿಸಿದ್ದಳು. ಸಂಜೆ ಫೋನ್ ಮಾಡಿದರೆ ವಾರ್ಡಿನ ಸುದ್ದಿ ಹೇಳುತ್ತಿರಲಿಲ್ಲ. "ಇವತ್ತೂ ಐದು ಕಣಪ್ಪಾ," ಎಂದಷ್ಟೇ ಹೇಳಿ, ಉಸಿರು ಬಿಟ್ಟು, ಸ್ವಲ್ಪ ಹೊತ್ತು ಫೋನ್ ಹಿಡಿದು ಸುಮ್ಮನಿರುತ್ತಿದ್ದಳು. ಅವಳು ಕೂತಲ್ಲೇ ನಿದ್ದೆ ಹೋಗಿದ್ದಾಳೆಂದು ಕೆಲವು ಸಲ ವಿತೊಮಿರ್‌ಗೆ ಉಸಿರಿನಿಂದಲೇ ಗೊತ್ತಾಗುತ್ತಿತ್ತು. ಆಗ ತಾವೇ ಮೆಲ್ಲಗೆ ಫೋನ್ ಇಡುತ್ತಿದ್ದರು.

ಏಪ್ರಿಲ್ ಒಂಬತ್ತು, ಗುರುವಾರ. ಒಂಬತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ, ಮೂರನೆಯ ಲೆಕ್ಕ ಬರೆದಾದ ಮೇಲೆ, ಫೋನ್ ಸತ್ತುಹೋಯಿತು. ವಿತೊಮಿರ್ ಗುಂಡಿ ಒತ್ತಿ ನೋಡಿದರು, ತಂತಿ ಅಲುಗಿಸಿದರು. ಒಂದು ಸದ್ದೂ ಇಲ್ಲ. ಕಿಟಕಿಗೆ ಹೋಗಿ, ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿ, "ನೀನು ಮಾಡ್ತಾ ಇರು" ಎಂದು ಸನ್ನೆ ಮಾಡಿದರು. ಕಾಲಿನಾ ಕೈ ಬೀಸಿದಳು. ಕೂತುಕೊಂಡಳು.

ಅವರಿಗೆ ಓದಲು ಕನ್ನಡಕ ಬೇಕಿತ್ತೇ ಹೊರತು ದೂರದ್ದು ಚೆನ್ನಾಗಿಯೇ ಕಾಣುತ್ತಿತ್ತು. ರಾತ್ರಿ ಮಂಜಿನಲ್ಲಿ ಸಿಗ್ನಲ್ ದೀಪ ನೋಡಿದ ಕಣ್ಣು. ಎದುರು ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಹುಡುಗಿಯ ಕೈಯಲ್ಲಿ ಪೆನ್ಸಿಲ್ ಇತ್ತು. ಪೆನ್ಸಿಲ್ ಅಲುಗಲಿಲ್ಲ. ಐದು ನಿಮಿಷ ಕಳೆಯಿತು. ಅವಳು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು. ತಲೆಯನ್ನು ಪುಸ್ತಕದ ಮೇಲಿಟ್ಟಳು, ಎತ್ತಿದಳು. ತಾತನ ಕಿಟಕಿಯತ್ತ ನೋಡಿದಳು. ಅವರು ಮತ್ತೆ ಬರೆಯುವ ಸನ್ನೆ ಮಾಡಿದರು. ಅವಳು ಮತ್ತೆ ಕೈ ಬೀಸಿದಳು. ವಿತೊಮಿರ್ ಗಡಿಯಾರ ನೋಡುತ್ತ ನಿಂತರು. ನಲವತ್ತೆರಡು ನಿಮಿಷ ಆ ಕೈ ಕಾಗದಕ್ಕೆ ತಗಲಲಿಲ್ಲ.

ಒಂಬತ್ತು ಐವತ್ತಾರಕ್ಕೆ ಲೈನ್ ಬಂತು.

"ಎಷ್ಟು ಮಾಡ್ದೆ ಮಗನೇ?"

"ಮೂರು."

"ಲೈನ್ ಹೋಗೋಕ್ ಮುಂಚೇನೇ ಮೂರಾಗಿತ್ತಲ್ಲ?"

"ಹೂಂ."

"ನಾಲ್ಕನೇದು? ಆಗ್ಲೇ ಓದಿ ಹೇಳಿದ್ಯಲ್ಲ."

"ನೀನು ಹೇಳ್ಲಿಲ್ವಲ್ಲ ತಾತ."

"ಇಪ್ಪತ್ನಾಲ್ಕನ್ನ ಮೂರರಿಂದ ಭಾಗಿಸೋದು. ಮೊದಲನೇದರ ಥರಾನೇ. ಮಾಡು ನೋಡೋಣ."

ಎದುರು ಕಿಟಕಿಯಲ್ಲಿ ಹುಡುಗಿ ಪುಟ ತಿರುವಿದಳು, ಮತ್ತೆ ಹಿಂದಕ್ಕೆ ತಿರುವಿದಳು.

"ನೀನು ಹೇಳು. ನಾನು ವಾಪಸ್ ಹೇಳ್ತೀನಿ."

"ಅದು ಬೇಡ. ಭಾಗಿಸೋದು ಅಂದ್ರೆ ಏನು? ನಿನಗೆ ತಿಳಿದ ಹಾಗೆ ಹೇಳು."

ಇದಕ್ಕೆ ಹುಡುಗಿ ಒಂದು ಕ್ಷಣವೂ ತಡವರಿಸಲಿಲ್ಲ. ಗೆಲುವಿನಿಂದಲೇ ಹೇಳಿದಳು: "ಮೂವತ್ತಾರನ್ನ ನಾಲ್ಕರಿಂದ ಭಾಗಿಸ್ತೀವಿ. ನಾಲ್ಕೊಂಬತ್ಲೆ ಮೂವತ್ತಾರು. ಅದಕ್ಕೆ ಉತ್ತರ ಒಂಬತ್ತು."

ಮಂಗಳವಾರದ ವಾಕ್ಯ. ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲ.

ಆ ದಿನ ವಿತೊಮಿರ್ ಮಧ್ಯಾಹ್ನದ ಸೂಪು ಬಿಸಿ ಮಾಡಿ, ಕುಡಿಯುವುದನ್ನು ಮರೆತು, ಮತ್ತೆ ಬಿಸಿ ಮಾಡಿದರು. ತಪ್ಪು ಎಲ್ಲಿ ಸೇರಿಕೊಂಡಿತೆಂದು ಹುಡುಕುವುದು ಅವರ ಅಭ್ಯಾಸ. ಹಿಂದಿನಿಂದ ಮುಂದಕ್ಕೆ ಒಂದೊಂದೇ ಹೆಜ್ಜೆ ನೋಡಿದರು. ರೈಲ್ವೆಯಲ್ಲಿ ಲೈನಿನ ಆ ತುದಿಯಲ್ಲಿ ಇರುತ್ತಿದ್ದವರು ವಯಸ್ಕರು. ಹಳಿಯ ಪಕ್ಕ ಐದಾರು ವರ್ಷ ನಡೆದವರು, ಹಳಿ ಬದಲಿಸುವ ಪಾಯಿಂಟು ಎಂದರೆ ಕಬ್ಬಿಣದ ತಣುಪು ಅಂಗೈಯಲ್ಲಿ ನೆನಪಿದ್ದವರು. ಅವರು ತಿರುಗಿ ಹೇಳಿದರೆ ಕಿವಿಗೆ ಸರಿಯಾಗಿ ಬಿದ್ದಿದೆ ಎಂದು ಅರ್ಥ, ಉಳಿದದ್ದೆಲ್ಲ ಅವರ ಬಳಿ ಮೊದಲೇ ಇರುತ್ತಿತ್ತು. ಕಾಲಿನಾಳ ಬಳಿ ಆ ಉಳಿದದ್ದು ಇರಲಿಲ್ಲ. ಅದನ್ನು ಕೊಡಬೇಕಾಗಿದ್ದವರು ತಾವೇ. ಮೂರು ವಾರ ಅವಳ ಕಿವಿಯನ್ನು ಪರೀಕ್ಷಿಸುತ್ತ, ದಿನವೂ ಕೆಳಗೆ ಗೆರೆ ಎಳೆದಿದ್ದರು.

ಮಾರನೆಯ ದಿನ ತಿರುಗಿ ಹೇಳಿಸುವುದನ್ನು ಬಿಟ್ಟರು. "ಒಣಬೀನ್ಸ್ ಕಾಳಿನ ಡಬ್ಬ ತಗೋ. ಇಪ್ಪತ್ನಾಲ್ಕು ಎಣಿಸು. ಈಗ ಮೂರು ತಟ್ಟೆಗೆ ಹಂಚು, ಒಂದೊಂದೇ, ಒಂದೊಂದೇ." ಕಾಳು ಮೇಜಿನಿಂದ ಉರುಳುವ ಸದ್ದು ಫೋನಿನಲ್ಲಿ ಕೇಳಿತು. ಹುಡುಗಿ ಏನು ಮಾಡುತ್ತಿದ್ದಾಳೆಂದು ಕಾಣುತ್ತಿರಲಿಲ್ಲ. ತಟ್ಟೆಯ ಮೇಲೆ ಕೈ ಆಡುವುದಷ್ಟೇ ಕಿಟಕಿಯಲ್ಲಿ.

"ಪ್ರತಿ ತಟ್ಟೇಲೂ ಎಷ್ಟಿದೆ?"

"ಒಂದರಲ್ಲಿ ಹನ್ನೊಂದು."

"ಸಮನಾಗಿ ಹಂಚು ಅಂದೆ."

"ನೀನೇ ಹೇಳ್ಬಿಡು ತಾತ. ಬರ್ಕೋತೀನಿ."

"ಹೇಳಲ್ಲ."

"ಯಾಕೆ? ಮೊದ್ಲೆಲ್ಲ ಹೇಳ್ತಿದ್ಯಲ್ಲ!" ದನಿ ನಡುಗಿತು. "ನಾನೇನ್ ಮಾಡ್ದೆ? ನಾನೇನೂ ಮಾಡ್ಲಿಲ್ಲ!" ತಟ್ಟೆ ನೆಲಕ್ಕೆ ಬಿತ್ತು. ಅಳು ಜೋರಾಯಿತು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಲೆಪೊಸಾವಾಳ ದನಿ:

"ಮಾಸ್ಟರೇ! ಮಗೂನ ಅಲ್ಲಿಂದಲೇ ಹೊಡೀತಿದ್ದೀರೋ ಹೆಂಗೆ? ನನ್ನ ತಲೆ ಮೇಲೆ ಕಾಳಿನ ಮಳೆ ಸುರೀತಿದೆ!"

"ಲೆಕ್ಕ ಹೇಳ್ಕೊಡ್ತಿದ್ದೀನಿ!"

"ಲೆಕ್ಕಕ್ಕೆ ಹಿಂಗಾದ್ರೆ ಚರಿತ್ರೆಗೆ ಹೆಂಗಪ್ಪಾ!"

ಆ ದಿನದ ಪುಟವನ್ನು ಕಾಲಿನಾ ಕಳಿಸಲಿಲ್ಲ. ಸಂಜೆ ಸ್ನೆಜಾನಾ ಫೋನ್ ಮಾಡಿದಾಗ ಅವಳ ದನಿಯಲ್ಲಿ ಮಾಸ್ಕ್ ಒತ್ತಿದ ಮೂಗಿನ ಕಟ್ಟು ಇತ್ತು.

"ಅಪ್ಪ, ಏನ್ ಮಾಡ್ದೆ ಅವಳಿಗೆ? ಮೂರು ವಾರ ಐದು ತಂದ್ಕೊಂಡು ನಗ್ತಿದ್ಲು. ಇವತ್ತು ಬಾಗಿಲು ತೆಗೆದ್ರೆ ಮೇಜಿನ ಕೆಳಗೆ ಕೂತಿದ್ಲು."

ಅವರು ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದರು. ಲೈನ್ ಹೋದದ್ದು, ನಲವತ್ತೆರಡು ನಿಮಿಷ, ಮಂಗಳವಾರದ ವಾಕ್ಯ.

"ಆ ಐದು ನನ್ನದು, ಸ್ನೆಜಾ. ಅವಳದಲ್ಲ."

"ಯಾರದಾದ್ರೇನು? ಆ ಗುಂಪಲ್ಲಿ ಎಷ್ಟು ಮಕ್ಕಳ ಅಕ್ಷರ ಇಂಜಿನಿಯರ್ ಅಕ್ಷರದ ಥರ ಇದೆ ಗೊತ್ತಾ? ಎಲ್ಲರ ಮನೇಲೂ ಇದೇ ಕಥೆ."

"ಎಲ್ಲರ ಮನೇದು ನನಗೆ ಗೊತ್ತಿಲ್ಲ. ನಮ್ಮದು ಗೊತ್ತಿದೆ."

"ಅಪ್ಪ, ಇವತ್ತು ವಾರ್ಡಲ್ಲಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. "ನೋಡು. ಮನೆಗ್ ಬಂದ್ರೆ ನೆಟ್ಟಗಿರೋದು ಅಂತ ನನಗೆ ಕಾಣೋದು ಫ್ರಿಜ್ ಮೇಲಿನ ಆ ಹಾಳೆ ಒಂದೇ. ಅದನ್ನೂ ಬಿಡಲ್ವಾ ನೀನು?"

ವಿತೊಮಿರ್ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡರು. ಅವಳೇ ಸ್ವಲ್ಪ ತಣ್ಣಗಾಗಿ, ಟೀಚರ್ ಕಳಿಸಿದ ಸಂದೇಶವನ್ನು ಓದಿ ಹೇಳಿದಳು. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಅಂಕಗಳನ್ನು ರಿಜಿಸ್ಟರಿಗೆ ಏರಿಸುತ್ತಾರೆ. ಈಸ್ಟರ್ ರಜೆಯ ನಂತರ, ಭಾಗಾಕಾರದಲ್ಲಿ ಹಿಂದುಳಿದ ಮಕ್ಕಳನ್ನು, ಎಂದರೆ ಎರಡು ಮೂರು ಅಂಕದವರನ್ನು, ದಿನವೂ ಅರ್ಧ ಗಂಟೆ ವಿಡಿಯೊದಲ್ಲಿ ಕೂರಿಸಿಕೊಂಡು ಮೊದಲಿನಿಂದ ಕಲಿಸುತ್ತಾರೆ. ಆರು ಮಕ್ಕಳು ಮಾತ್ರ; ಅದಕ್ಕಿಂತ ಹೆಚ್ಚು ತಮ್ಮಿಂದಾಗದು. ಐದು ಜಾಗ ತುಂಬಿದೆ.

"ನಮಗ್ ಸಂಬಂಧ ಇಲ್ಲದ ಸುದ್ದಿ," ಎಂದಳು ಸ್ನೆಜಾನಾ. "ಐದು ತಗೊಂಡವರನ್ನ ಯಾರು ಸೇರಿಸ್ಕೋತಾರೆ?"

ಅವಳು ಫೋನ್ ಇಟ್ಟ ಮೇಲೂ ವಿತೊಮಿರ್ ರಿಸೀವರ್ ಹಿಡಿದೇ ಇದ್ದರು. ಅವಳು ಹೇಳಿದ್ದು ಸರಿಯಾಗಿತ್ತು. ಆ ಐದು ರಿಜಿಸ್ಟರಿಗೆ ಏರಿದರೆ ಕಾಲಿನಾಳಿಗೆ ಭಾಗಾಕಾರ ಕಲಿಸಬೇಕೆಂದು ಜಗತ್ತಿನಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಮೂರನೆಯ ತರಗತಿ ಅದರ ಮೇಲೆಯೇ ಕಟ್ಟಿದ್ದು. ತಮ್ಮಿಂದ ಕಲಿಸಲು ಆಗುತ್ತಿಲ್ಲ ಎಂಬುದು ಕಾಳಿನ ತಟ್ಟೆಯಲ್ಲೇ ತಿಳಿದಿತ್ತು. ಕಾಣದ ಕೈಗೆ ಹಂಚುವುದನ್ನು ಕಲಿಸುವುದು ಹೇಗೆ?

ಮುದುಕರಿಗೆ ವಾರಕ್ಕೊಮ್ಮೆ, ನಸುಕಿನ ನಾಲ್ಕರಿಂದ ಏಳರವರೆಗೆ ಅಂಗಡಿಗೆ ಹೋಗಲು ಬಿಡುತ್ತಿದ್ದರು. ಆ ವಾರ ಬ್ರೆಡ್ಡಿನ ಸಾಲಿನಲ್ಲಿ ಎರಡು ಮೀಟರ್ ಮುಂದೆ ಲೆಪೊಸಾವಾ ನಿಂತಿದ್ದಳು, ಮೂಗಿನವರೆಗೆ ಕುತ್ತಿಗೆಯ ಬಟ್ಟೆ ಸುತ್ತಿಕೊಂಡು. ವಿತೊಮಿರ್ ಮೆಲ್ಲಗೆ ವಿಷಯ ಎತ್ತಿದರು. ಅವಳು ಸಾಲಿಗೆಲ್ಲ ಕೇಳುವಂತೆ ನಕ್ಕಳು.

"ಅಷ್ಟಕ್ಕೇ ಮುಖ ಇಷ್ಟುದ್ದ ಮಾಡ್ಕೊಂಡಿದ್ದೀರಾ? ನನ್ನ ಸೊಸೆ ಇದಾಳಲ್ಲ, ಮಗನ ಮನೆಗೆಲಸ ಪೂರ್ತಿ ಅವಳೇ ಬರೆಯೋದು. ಎಡಗೈಯಲ್ಲಿ! ಮಗು ಬರೆದ ಹಾಗೆ ವಕ್ರವಕ್ರ ಕಾಣ್ಲಿ ಅಂತ. ಈಗ ಅವಳ ಎಡಗೈ ಅಕ್ಷರ ಬಲಗೈಗಿಂತ ಚೆಂದ ಆಗೋಗಿದೆ, ಮತ್ತೆ ಏನ್ ಮಾಡೋದಪ್ಪಾ ಅಂತ ಕೂತಿದಾಳೆ."

ಸಾಲಿನಲ್ಲಿ ಹಿಂದೆ ಯಾರೋ ಕೆಮ್ಮುವಂತೆ ನಕ್ಕರು.

"ಹುಡುಗನಿಗೆ ಬರುತ್ತಾ?" ಎಂದು ಕೇಳಿದರು ವಿತೊಮಿರ್.

"ಏನು?"

"ಲೆಕ್ಕ."

ಲೆಪೊಸಾವಾ ಜಾರಿದ ಬಟ್ಟೆಯನ್ನು ಮೂಗಿನ ಮೇಲೆ ಎಳೆದುಕೊಂಡಳು. ಆಮೇಲೆ, "ಅದನ್ನ ಯಾರು ಕೇಳ್ತಾರೆ ಈಗ," ಎಂದು ಮುಂದಕ್ಕೆ ತಿರುಗಿಕೊಂಡಳು.

ಮಂಗಳವಾರ ಹದಿನಾಲ್ಕರಂದು ವಿತೊಮಿರ್ ಇಪ್ಪತ್ತು ಲೆಕ್ಕ ಬರೆದುಕೊಂಡು ಫೋನ್ ಮಾಡಿದರು. ಸುಲಭದ್ದು, ಕಷ್ಟದ್ದು ಬೆರೆಸಿ. ಪುಸ್ತಕದಲ್ಲಿ ಬಂದ ಒಂದೂ ಇಲ್ಲದಂತೆ ನೋಡಿಕೊಂಡಿದ್ದರು. "ನಾನು ಸಂಖ್ಯೆ ಮಾತ್ರ ಹೇಳ್ತೀನಿ, ನೀನು ಬರ್ಕೋ. ಆಮೇಲೆ ಫೋನ್ ಇಡ್ತೀವಿ. ನೀನು ಎಷ್ಟು ಹೊತ್ತು ಬೇಕಾದ್ರೂ ತಗೋ. ಅಂಕ ಇಲ್ಲ, ಫೋಟೊ ಇಲ್ಲ, ನಾನು ಬೈಯೋದಿಲ್ಲ."

"ಉತ್ತರ ಬರದಿದ್ರೆ?"

"ಬರದಿದ್ರೆ ಖಾಲಿ ಬಿಡು. ಊಹೆ ಮಾಡಿ ಬರೀಬೇಡ. ಖಾಲಿ ಜಾಗಕ್ಕೆ ನನಗೇನೂ ಬೇಜಾರಿಲ್ಲ."

ಒಂದು ಗಂಟೆ ಹತ್ತು ನಿಮಿಷ ಅವರು ಕಿಟಕಿಯ ಕಡೆ ನೋಡಲಿಲ್ಲ. ನೋಡಿದರೆ ಅವಳೂ ನೋಡುತ್ತಾಳೆ. ಕೆಟಲ್ ತೊಳೆದರು. ತೊಳೆದಿದ್ದ ಕೆಟಲನ್ನು ಮತ್ತೆ ತೊಳೆದರು. ಆಮೇಲೆ ಅವಳೇ ಫೋನ್ ಮಾಡಿ ಉತ್ತರಗಳನ್ನು ಓದಿದಳು. ಖಾಲಿ ಬಿಟ್ಟ ಕಡೆಯಲ್ಲೆಲ್ಲ "ಖಾಲಿ" ಎಂದು ಸಣ್ಣ ದನಿಯಲ್ಲಿ ಹೇಳಿದಳು. ವಿತೊಮಿರ್ ಪ್ರತಿಯೊಂದನ್ನೂ ಬರೆದುಕೊಂಡರು. ಸರಿಯಾದದ್ದು ಬಂದಾಗ, ಅದು ಹೇಗೆ ಬಂತೆಂದು ಕೇಳಿದರು.

"ಹತ್ತು ಬೆರಳು, ಎರಡು ಕೈ," ಎಂದಳು ಕಾಲಿನಾ. "ಅದಕ್ಕೆ ಐದು."

"ಇದನ್ನ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಕೈ ನೋಡ್ಕೊಂಡೆ."

ಮೂರು ವಾರದಲ್ಲಿ ಅವಳ ಬಾಯಿಂದ ಬಂದ ಮೊದಲ ಸ್ವಂತ ವಾಕ್ಯ ಅದು ಎನ್ನಿಸಿ ವಿತೊಮಿರ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೇಳಬೇಕಾದದ್ದನ್ನು ಹೇಳಿದರು: ನಾಳೆ ಟೀಚರಿಗೆ ಫೋನ್ ಮಾಡುತ್ತೇನೆ, ಆ ಲೆಕ್ಕಗಳನ್ನು ಮಾಡಿದ್ದು ನಾನು ಎಂದು ಹೇಳುತ್ತೇನೆ, ನಿನಗೆ ಮೊದಲಿನಿಂದ ಕಲಿಸಿ ಎಂದು ಕೇಳುತ್ತೇನೆ.

ಆಚೆ ಕಡೆ ಪೆನ್ಸಿಲ್ ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು.

"ಐದು ಹೋಗ್ಬಿಡುತ್ತಾ?"

"ಹೋಗುತ್ತೆ ಮಗನೇ."

"ಎಲ್ಲಾನೂ?"

"ಎಲ್ಲಾನೂ."

"ಅಮ್ಮ ಅಳ್ತಾಳೆ," ಎಂದಳು ಹುಡುಗಿ. "ನಾನಲ್ಲ. ಅಮ್ಮ."

ಆ ರಾತ್ರಿ ಸ್ನೆಜಾನಾಳಿಗೂ ಅವರೇ ಹೇಳಿದರು. ಅವಳಿಗೆ ತಿಳಿಸದೆ ಮಾಡುವ ಕೆಲಸ ಅದಾಗಿರಲಿಲ್ಲ. ಅವಳು ಕೂಗಾಡುತ್ತಾಳೆಂದುಕೊಂಡಿದ್ದರು, ಕೂಗಾಡಲಿಲ್ಲ. "ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು," ಎಂದಳು. "ಯಾವಾಗ್ಲೂ ಅಷ್ಟೇ ತಾನೇ." ಫೋನ್ ಇಟ್ಟಳು. ಎದುರು ಕಿಟಕಿಯ ದೀಪ ಆರಿತು.

ಬುಧವಾರ ಹನ್ನೊಂದು ಗಂಟೆ ಮೂವತ್ತೆಂಟು ನಿಮಿಷಕ್ಕೆ ಒಲ್ಗಿತ್ಸಾ ಟೀಚರ್ ಫೋನ್ ಎತ್ತಿದರು. ಹಿಂದೆ ಅವರ ಮನೆಯಲ್ಲೂ ಒಂದು ಮಗು ರಚ್ಚೆ ಹಿಡಿದು ಅಳುತ್ತಿತ್ತು. ವಿತೊಮಿರ್ ತಾವು ಯಾರೆಂದು ಹೇಳಿ, ವಿಷಯವನ್ನು ನಾಲ್ಕು ವಾಕ್ಯದಲ್ಲಿ ಮುಗಿಸಿದರು. ನಿನ್ನೆ ಸಂಜೆಯೇ ಬರೆದಿಟ್ಟುಕೊಂಡಿದ್ದ ವಾಕ್ಯಗಳು.

ಟೀಚರ್ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ವಿತೊಮಿರ್ ಅವರೇ, ನನ್ನ ಕ್ಲಾಸಲ್ಲಿ ಇಪ್ಪತ್ತೇಳು ಮಕ್ಕಳು. ಈ ತಿಂಗಳು ಇಪ್ಪತ್ತೊಂದು ಜನಕ್ಕೆ ಐದು ಬಂದಿದೆ. ನನಗೇನು ಗೊತ್ತಾಗಲ್ವಾ? ಆದ್ರೆ ಫೋಟೊ ನೋಡಿ ನಾನು ಯಾರನ್ನ ಅಂತ ಹಿಡೀಲಿ? ಹೀಗೆ ಅಂತ ಹೇಳೋಕೆ ಫೋನ್ ಮಾಡಿದವರು ನೀವೊಬ್ರೇ."

"ಒಂದು ಜಾಗ ಇದೆ ಅಂತ ಮಗಳು ಹೇಳಿದ್ಲು."

"ಇದೆ. ಅದಕ್ಕೆ ಇನ್ನೊಬ್ಬ ಹುಡುಗನ ಹೆಸರು ಯೋಚಿಸ್ತಿದ್ದೆ. ಅವನಿಗೂ ಬೇಕು. ಏಳು ಜನ ಆದ್ರೆ ಒಬ್ಬೊಬ್ಬರ ಹತ್ರ ಐದು ನಿಮಿಷಾನೂ ಕೂರೋಕಾಗಲ್ಲ. ನೀವು ಅಜ್ಜ, ನಿಮ್ಮ ಮೊಮ್ಮಗಳು ತೀರಾ ಹಿಂದೆ ಅನ್ನೋ ಭಯ ನಿಮಗಿರುತ್ತೆ, ಅದು ಸಹಜ." ಮಗುವಿಗೆ ಏನೋ ಗದರಿ, ಮತ್ತೆ ಫೋನಿಗೆ ಬಂದರು. "ಆ ಹುಡುಗನಿಗೆ ಇಪ್ಪತ್ತು ಲೆಕ್ಕಕ್ಕೆ ಏಳು ಬರುತ್ತೆ, ಅವನ ಅಮ್ಮನ್ನ ಪಕ್ಕದಿಂದ ಎಬ್ಬಿಸಿ ನಾನೇ ಕೇಳಿ ನೋಡಿದ್ದೀನಿ. ನಿಮ್ಮವಳನ್ನ ಒಂಟಿಯಾಗಿ ಬಿಟ್ಟು ನೋಡಿದ್ದೀರಾ? ಸುಮಾರಾಗಿ ಹೇಳ್ಬೇಡಿ. ಇಪ್ಪತ್ತಕ್ಕೆ ಎಷ್ಟು?"

ಅದಕ್ಕೆ ಅವರು ಕೊಟ್ಟ ಉತ್ತರದಿಂದ ಆದದ್ದು ಇಷ್ಟು. ಕಾಲಿನಾಳ ಹೆಸರಿನ ಮುಂದೆ ರಿಜಿಸ್ಟರಿನಲ್ಲಿ ಎರಡು ಎಂಬ ಅಂಕ ಕೂತಿತು. ಆರನೆಯ ಜಾಗವೂ ಅವಳದಾಯಿತು. ಇನ್ನೊಬ್ಬ ಹುಡುಗನಿಗೆ ಆಗಲಿಲ್ಲ, ಅವನ ಹೆಸರನ್ನು ವಿತೊಮಿರ್ ಕೇಳಲಿಲ್ಲ, ಕೇಳದಿದ್ದುದು ಬಹಳ ದಿನ ಅವರನ್ನು ಕಾಡಿತು. ಈಸ್ಟರ್ ಬೆಳಿಗ್ಗೆ ಬಾಗಿಲ ಹಿಡಿಯಲ್ಲಿ ಎಂದಿನ ಚೀಲ ತೂಗುತ್ತಿತ್ತು, ಒಳಗೆ ಹಬ್ಬಕ್ಕೆಂದು ಕೆಂಪು ಬಣ್ಣ ಹಾಕಿದ ಮೂರು ಮೊಟ್ಟೆ. ಗಂಟೆ ಮಾತ್ರ ಹೊಡೆದಿರಲಿಲ್ಲ. ಸ್ನೆಜಾನಾ ಒಂಬತ್ತು ದಿನ ಫೋನ್ ಮಾಡಲಿಲ್ಲ. ಹತ್ತನೆಯ ದಿನ ಮಾಡಿ ಬಿ.ಪಿ. ಎಷ್ಟಿದೆ ಎಂದಷ್ಟೇ ಕೇಳಿದಳು. ಫ್ರಿಜ್ ಮೇಲಿನ ಹಾಳೆ ಏನಾಯಿತೆಂದು ಅವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಜೂನ್ ಹೊತ್ತಿಗೆ ಕಾಲಿನಾ ಭಾಗಿಸಬಲ್ಲವಳಾದಳು. ಆದರೂ ಪ್ರತಿ ಉತ್ತರವನ್ನೂ ಪ್ರಶ್ನೆಯಂತೆ ಎತ್ತಿ ಹೇಳಿ, ಎದುರಿಗಿದ್ದವರ ಮುಖ ನೋಡುವ ಅಭ್ಯಾಸ ಅವಳಿಗೆ ಉಳಿದುಕೊಂಡಿತು. ಅದನ್ನು ಕಂಡಾಗಲೆಲ್ಲ ವಿತೊಮಿರ್ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು.

ಆದರೆ ಆ ಬುಧವಾರ ಇದ್ಯಾವುದೂ ಅವರಿಗೆ ಗೊತ್ತಿರಲಿಲ್ಲ. ಗಡಿಯಾರ ಹನ್ನೊಂದು ನಲವತ್ತೊಂದು ತೋರಿಸುತ್ತಿತ್ತು. ಎದುರು ಕಿಟಕಿಯಲ್ಲಿ ಹುಡುಗಿ ಗಾಜಿಗೆ ಹಣೆ ಹಚ್ಚಿ ಇತ್ತಲೇ ನೋಡುತ್ತ ನಿಂತಿದ್ದಳು. ಲೆಕ್ಕದ ಹಾಳೆ ಮುಂದೆಯೇ ಇತ್ತು. ಅದನ್ನು ನೋಡುವ ಅಗತ್ಯವಿರಲಿಲ್ಲ. ಒಂದೇ ಒಂದು ಹೆಚ್ಚಿಸಿ ಹೇಳಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ, ಮೊಮ್ಮಗಳಿಗೆ ಅಷ್ಟಾದರೂ ಮಾನ ಉಳಿಯುತ್ತಿತ್ತು. ಅವರು ಗಂಟಲು ಸರಿಮಾಡಿಕೊಂಡು, ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಟೀಚರಿಗೆ ಸ್ಪಷ್ಟವಾಗಿ ಹೇಳಿದರು:

"ಎರಡು."